ತುತ್ತಿನ ಮಾತು

ನಮ್ಮೂರಿನ ಮುನ್ನೂರಕ್ಕೂ ಹೆಚ್ಚು ಮಕ್ಕಳ ಬಾಯಿಗೆ ಬಿದ್ದ ಮೊದಲ ತುತ್ತು ನನ್ನ ಕೈಯ ರಾಗಿ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಹಿಟ್ಟು ಮಾಡುವವಳು ಊರಿಗೆಲ್ಲ ನಾನೊಬ್ಬಳೇ. ಕೆಂಪಾಜಮ್ಮನ ಸರಿ ಅಂದರೆ ಗಂಟಿಲ್ಲದ ಸರಿ ಅಂತ ಮೂರು ಬೀದಿಗೂ ಗೊತ್ತು. ಅಂಥ ನಾನು ನನ್ನ ಸ್ವಂತ ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿದರೂ ಒಂದು ಚಮಚ ಸರಿ ಕೊಟ್ಟಿರಲಿಲ್ಲ. ಡಬ್ಬದ ಹಾಲಿನ ಪುಡಿಯಲ್ಲೇ ದಿನ ದೂಡುತ್ತಿದ್ದೆ. ಯಾಕೆ ಅಂತ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡಿ.

ನಮ್ಮೂರಿನ ಮಗು ಮೊದಲ ತುತ್ತು ನುಂಗಿದ ಕೂಡಲೇ ಒಂದೇ ಒಂದು ಮಾತು ಆಡುತ್ತದೆ. ಬರೀ ಹಾಲು ಕುಡಿಯುವ ತಿಂಗಳುಗಳಲ್ಲಿ ಕಿವಿಗೆ ಬಿದ್ದದ್ದರಲ್ಲಿ ಯಾವುದೋ ಒಂದನ್ನು, ಆಡಿದವರದೇ ದನಿಯಲ್ಲಿ, ಅಕ್ಷರ ತಪ್ಪದೆ. ಆಮೇಲೆ ಎಲ್ಲ ಮಕ್ಕಳ ಹಾಗೆ ತೊದಲಿಕೊಂಡು ನಿಧಾನಕ್ಕೆ ಮಾತು ಕಲಿಯುತ್ತದೆ. ಆ ಒಂದನ್ನು ನಾವು ತುತ್ತಿನ ಮಾತು ಅನ್ನುತ್ತೇವೆ. ಅದನ್ನು ಕೇಳಲು ಬೀದಿಯವರನ್ನು ಕರೆಯಲೇಬೇಕು. ಕದ ಹಾಕಿಕೊಂಡು ಗುಟ್ಟಾಗಿ ತಿನ್ನಿಸಿದರೆ ಮಗು ಸುಮ್ಮನಿದ್ದು, ಜನ ಸೇರಿದ ಕಡೆ ಆಡುತ್ತದೆ. ಹಿಂದಿನ ಬೀದಿಯ ಗುರುಬಸಪ್ಪ ಹಾಗೆ ಜಾಣತನ ಮಾಡಲು ಹೋದ. ಅವನ ಮಗಳು ಮೂರು ವಾರ ತಡೆದುಕೊಂಡು, ಸಂಬಂಧಿಕರ ಮದುವೆಯಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ಅಪ್ಪನ ದನಿಯಲ್ಲಿ, "ಆ ಗಂಡಿನ ತಲೆಗೂದ್ಲು ಸ್ವಂತದ್ದಲ್ಲ ಕಣೇ, ನಾನೇ ನೋಡಿದ್ದೀನಿ" ಅಂದಳು. ಛತ್ರದಲ್ಲಿದ್ದ ಅಷ್ಟೂ ಜನ ಗಂಡಿನ ಪೇಟದ ಕಡೆ ತಿರುಗಿದರು.

ಹೀಗಾಗಿ ಹಾಲಿನ ತಿಂಗಳುಗಳಲ್ಲಿ ನಮ್ಮ ಮನೆಗಳಲ್ಲಿ ಯಾರೂ ದನಿ ಎತ್ತುವುದಿಲ್ಲ. ಗಂಡ ಹೆಂಡತಿ ಜಗಳವಾಡಬೇಕಾದರೆ ಮಗುವನ್ನು ಪಕ್ಕದ ಮನೆಗೆ ಕೊಟ್ಟು ಬಂದು, ಬೇಗ ಬೇಗ ಆಡಿ ಮುಗಿಸಿ, ಮತ್ತೆ ಎತ್ತಿಕೊಂಡು ಬರುತ್ತಾರೆ. ಕೆಲವರು ದಿನವಿಡೀ ರೇಡಿಯೋ ಹಾಕಿಡುತ್ತಾರೆ. ನಾಗವೇಣಿಯ ಮಗ ತುತ್ತು ನುಂಗಿ, "ನಾಳೆ ಅಲ್ಲಲ್ಲಿ ಮೋಡ ಕವಿದ ವಾತಾವರಣವಿರುತ್ತದೆ" ಅಂದ. ಮೂವತ್ತು ವರ್ಷವಾದರೂ ಅವನನ್ನು ಎಲ್ಲರೂ ಮೋಡಣ್ಣ ಅಂತಲೇ ಕರೆಯುವುದು. ನಾನೇ ಇಟ್ಟ ಹೆಸರು.

ಹೌದು, ನಾನೇ. ಹಿಟ್ಟು ಕೊಟ್ಟವಳು ಅಂತ ಎಲ್ಲ ಮನೆಯವರೂ ನನ್ನನ್ನು ಮುಂದಿನ ಚಾಪೆಯ ಮೇಲೆ ಕೂರಿಸುತ್ತಿದ್ದರು. ನಾನು ಕೇಳಿಸಿಕೊಂಡು ಬಂದು, ಸಂಜೆಯೊಳಗೆ ಮೂರು ಬೀದಿಗೂ ಉಪ್ಪು ಖಾರ ಹಚ್ಚಿ ಹಂಚುತ್ತಿದ್ದೆ. ಪಕ್ಕದ ಮನೆಯ ಸಾಕಮ್ಮ ಮೊಸರು ಮಾರುವವಳು. ಅವಳ ಮೊಮ್ಮಗ ಅವಳದೇ ದನಿಯಲ್ಲಿ, "ಇನ್ನೊಂದ್ ಲೋಟ ನೀರು ಬಿದ್ರೆ ಯಾರಿಗ್ ಗೊತ್ತಾಯ್ತದೆ ಬಿಡು" ಅಂದಾಗ ನಾನು ನಕ್ಕ ನಗು ಬೀದಿಯ ಆ ತುದಿಗೆ ಕೇಳಿಸಿತಂತೆ. ಆರು ತಿಂಗಳು ಅವಳ ಮೊಸರು ಕೇಳಿದವರಿಲ್ಲ. ಆಮೇಲೂ ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಕಾಯುತ್ತಿದ್ದಳು ಅಂತ ನನಗೆ ಗೊತ್ತಿತ್ತು.

ನನ್ನ ಮಗ ನಂಜುಂಡ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ದಿನಕ್ಕೆ ಮೂರು ಮಾತು ಆಡಿದರೆ ಹೆಚ್ಚು, ಅವನಿಂದ ಏನೂ ಭಯವಿರಲಿಲ್ಲ. ಸೊಸೆ ಕಮಲಾಕ್ಷಿ ಬಸ್ಸಿನಲ್ಲಿ ಕಂಡಕ್ಟರ್. ಅವಳು ಹಿಂಬಾಗಿಲಲ್ಲಿ ನಿಂತು "ಮುಂದಕ್ ಹೋಗ್ರೀ" ಅಂದರೆ ಡ್ರೈವರ್ ಕೂಡ ಮುಂದಕ್ಕೆ ಸರಿದು ಕೂರುತ್ತಾನೆ ಅಂತ ಬೀದಿಯವರು ತಮಾಷೆ ಮಾಡುತ್ತಾರೆ. ಹೆರಿಗೆಯಾದ ಮೂರನೇ ದಿನಕ್ಕೆ ಅವಳಿಗೆ ಜ್ವರ ಏರಿತು. ಎಂಟು ದಿನ ಆಸ್ಪತ್ರೆಯಲ್ಲಿ ಇವತ್ತೋ ನಾಳೆಯೋ ಅನ್ನುವ ಹಾಗಿದ್ದಳು. ಬದುಕಿ ಮನೆಗೆ ಬಂದಾಗ ಎದೆಯಲ್ಲಿ ಹಾಲು ಬತ್ತಿತ್ತು. ಡಾಕ್ಟರಮ್ಮ ಡಬ್ಬದ ಹಾಲು ಬರೆದುಕೊಟ್ಟರು. ನಾಲ್ಕು ತಿಂಗಳಿಗೆ ಅವಳು ಡ್ಯೂಟಿಗೆ ಹೋದಳು, ಮನೆಯಲ್ಲಿ ನಾನು, ಮಗು, ಡಬ್ಬ ಉಳಿದೆವು. ಮಗುವಿಗೆ ಇಂಚರಾ ಅಂತ ಹೆಸರಿಟ್ಟವಳು ಕಮಲಾಕ್ಷಿಯೇ.

ಐದನೇ ತಿಂಗಳ ಒಂದು ಬೆಳಿಗ್ಗೆ. ಕಮಲಾಕ್ಷಿ ಆಗ ತಾನೇ ಹೊರಟಿದ್ದಳು, ಊಟದ ಡಬ್ಬಿಯನ್ನು ಜಗುಲಿಯ ಮೇಲೆ ಮರೆತಿದ್ದಳು. ಹಾಲಿನ ಪುಡಿ ಬೇರೆ ಬಗೆಯದು ತಂದಿದ್ದೆವು, ಮಗುವಿಗೆ ಹಿಡಿಸಲಿಲ್ಲ. ಬಾಟಲಿ ಬಾಯಿಗಿಟ್ಟರೆ ಉಗುಳುವುದು, ತೆಗೆದರೆ ಕಿರುಚುವುದು. ಬಾಣಲೆಯಲ್ಲಿ ರಾಗಿ ಸೀಯುತ್ತಿತ್ತು. ಅದನ್ನು ಇಳಿಸಲು ಹೋಗಿ, ಹಾಲು ಕಲಸಲು ಇಟ್ಟಿದ್ದ ಬಿಸಿನೀರನ್ನು ಕೈಮೇಲೆ ಚೆಲ್ಲಿಕೊಂಡೆ. ಸಿಟ್ಟು ನೆತ್ತಿಗೇರಿತು. ಮಗುವಿನ ಮುಖಕ್ಕೆ ಮುಖ ಕೊಟ್ಟು ಅಂದುಬಿಟ್ಟೆ: "ಅವತ್ತು ಆಸ್ಪತ್ರೇಲಿ ನಿಮ್ಮವ್ವ ಸತ್ತೇ ಹೋಗಿದ್ರೆ ಪೀಡೆ ತೊಲಗ್ತಿತ್ತು, ನಿಂಗೆ ಹಾಲಿರೋ ತಾಯೀನ ತರ್ತಿದ್ದೆ."

ಮಗು ಅಳು ನಿಲ್ಲಿಸಿತು. ನನ್ನ ತುಟಿಯನ್ನೇ ನೋಡಿತು. ಮಗು ಅಳು ನಿಲ್ಲಿಸಿ ತುಟಿ ನೋಡಿದರೆ ಆ ಮಾತನ್ನು ಎತ್ತಿಟ್ಟುಕೊಂಡಿತು ಅಂತ ನಮ್ಮೂರಿನ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ. ಇಷ್ಟು ವರ್ಷದಲ್ಲಿ ಎಷ್ಟು ಮನೆಯವರಿಗೆ ನಾನು ಬುದ್ಧಿ ಹೇಳಿಲ್ಲ, ಹಾಲಿನ ತಿಂಗಳಲ್ಲಿ ನಾಲಿಗೆ ಬಿಗಿ ಹಿಡೀರಿ ಅಂತ! ಥೂ, ನನ್ನ ಬಾಯಿಗೆ ಮಣ್ಣು ಹಾಕ. ಬಾಗಿಲಿಗೆ ಓಡಿ ಬಂದು ನೋಡಿದೆ, ಬೀದಿಯಲ್ಲಿ ಯಾರೂ ಇರಲಿಲ್ಲ. ಜಗುಲಿಯ ಮೇಲೆ ಊಟದ ಡಬ್ಬಿಯೂ ಇರಲಿಲ್ಲ. ಸಂಜೆ ನೋಡಿದರೆ ಅದು ಕಮಲಾಕ್ಷಿಯ ಕೈಯಲ್ಲೇ ಇತ್ತು. ನನಗೇ ಅರಳುಮರಳು ಅಂದುಕೊಂಡು ಸುಮ್ಮನಾದೆ.

ಅವಳು ಬದುಕಲಿ ಅಂತ ಆ ಎಂಟೂ ದಿನ ಆಸ್ಪತ್ರೆಯ ಹೊರಗೆ ಕೂತು ಹರಕೆ ಹೊತ್ತವಳು ನಾನೇ. ಅದು ಸುಳ್ಳಲ್ಲ. ಆದರೆ ನಾನು ಹೊತ್ತ ಹರಕೆಯನ್ನು ಮಗು ಹೇಳುವುದಿಲ್ಲವಲ್ಲ, ಕೇಳಿದ ಮಾತನ್ನು ತಾನೇ ಹೇಳುವುದು. ಬೀದಿಯೆಲ್ಲ ಸೇರಿರುವಾಗ, ಕಮಲಾಕ್ಷಿಯ ಎದುರಿಗೆ, ನನ್ನ ದನಿಯಲ್ಲಿ! ಅದನ್ನು ಕೇಳಿದ ಮೇಲೆ ಅವಳು ಒಂದು ಗಂಟೆ ನನ್ನ ಮನೆಯಲ್ಲಿ ಇರುತ್ತಾಳೆಯೇ? ಮಗುವನ್ನು ಇಲ್ಲಿ ಬಿಟ್ಟು ಹೋಗುತ್ತಾಳೆಯೇ?

ಮರುದಿನದಿಂದ ಒಳ್ಳೆಯ ಮಾತಿನ ಮಳೆ ಸುರಿಸಿದೆ. ಒಂದರ ಮೇಲೆ ನೂರು ಬಿದ್ದರೆ ಆ ಒಂದು ಅಡಿಗೆ ಹೋಗುತ್ತದೆ ಅಂತ ನನ್ನ ಲೆಕ್ಕ. "ನಿಮ್ಮವ್ವ ಅಪರಂಜಿ ಕಣೇ", "ಇಂಥಾ ಸೊಸೆ ಊರಲ್ಲೇ ಇಲ್ಲ ಕಣೇ" ಅಂತ ಬಾಟಲಿ ಬಾಟಲಿಗೂ ಹೇಳಿದೆ. ಗಂಟಲು ಕಟ್ಟಿದಾಗ ರೇಡಿಯೋ ಹಾಕಿದೆ. ಒಂದು ಸಂಜೆ ನಂಜುಂಡ ಬಾಗಿಲಲ್ಲಿ ನಿಂತು ಕೇಳಿ, "ಏನವ್ವ, ಹುಷಾರಾಗಿದ್ದೀಯಾ?" ಅಂದ. ಆ ದಿನದ ಅವನ ಮಾತು ಅಲ್ಲಿಗೆ ಮುಗಿಯಿತು. ಮಗು ಮಾತ್ರ ನಾನು ಹೊಗಳುವಾಗಲೆಲ್ಲ ಗೋಡೆಯ ಹಲ್ಲಿಯನ್ನು ನೋಡುತ್ತಿತ್ತು. ಒಂದು ಸಲವೂ ನನ್ನ ತುಟಿ ನೋಡಲಿಲ್ಲ.

ಕಮಲಾಕ್ಷಿ ಸಂಜೆ ಬಂದವಳು ಕೈಕಾಲು ತೊಳೆದು, ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕದ ಹಾಕಿಕೊಳ್ಳುತ್ತಿದ್ದಳು. ಒಳಗಿಂದ ಗುಸುಗುಸು ಕೇಳಿಸುತ್ತಿತ್ತು. ಬಸ್ಸಿನಲ್ಲಿ ಅಷ್ಟು ದೊಡ್ಡ ಗಂಟಲು, ಲಾಲಿ ಹಾಡಲು ನಾಚಿಕೆ ನೋಡು ಅಂದುಕೊಳ್ಳುತ್ತಿದ್ದೆ.

ಆರು ತಿಂಗಳಾಯಿತು. "ಹಲ್ಲು ಕಾಣ್ಲಿ" ಅಂದೆ. ಹಲ್ಲು ಕಂಡಿತು. "ಆಷಾಢ ಕಳೀಲಿ" ಅಂದೆ. ಅದೂ ಕಳೆಯಿತು. "ಶೀತ ಆಗೈತೆ, ವಾಸಿಯಾಗ್ಲಿ" ಅಂದೆ. ಟಿಕೆಟ್ ಇಲ್ಲದವನನ್ನು ನಡುದಾರಿಯಲ್ಲಿ ಇಳಿಸುವ ಹೆಂಗಸು ನನ್ನ ಹತ್ತಿರ ಒಂದು ಸಲವೂ ವಾದಿಸಲಿಲ್ಲ. "ನೀವ್ ಯಾವಾಗ ಅಂತೀರೋ ಆವಾಗ್ಲೇ ಆಗ್ಲಿ ಅತ್ತೆ" ಅನ್ನುತ್ತಿದ್ದಳು. ಮಕ್ಕಳ ವಿಷಯದಲ್ಲಿ ಇವಳಿಗೆ ಏನೂ ತಿಳಿಯದು, ಸದ್ಯ ನಾನು ಬದುಕಿದೆ ಅಂತ ಒಳಗೊಳಗೇ ಹಿಗ್ಗಿದೆ.

ಆದರೆ ಸಾಕಮ್ಮ ಬಿಡಬೇಕಲ್ಲ. ಕಾಂಪೌಂಡಿನ ಮೇಲೆ ಗದ್ದವಿಟ್ಟು, "ಏನ್ ಕೆಂಪಾಜಕ್ಕ, ಊರಿಗೆಲ್ಲ ಸರಿ ಮಾಡ್ತೀಯ, ನಿನ್ ಮನೇಲಿ ಮಾತ್ರ ಯಾಕೋ ಸರಿ ಇಲ್ವಲ್ಲ?" ಅಂದಳು.

"ಮಗೂಗೆ ಶೀತ ಕಣೆ."

"ಮೂರ್ ತಿಂಗ್ಳಿಂದ್ಲೂ ಶೀತವಾ? ಅಂಥಾದ್ದೇನ್ ಕೇಳ್ಸಿದ್ದೀಯವ್ವ ಆ ಕೂಸಿಗೆ?"

ಒಲೆ ಮೇಲೆ ಹಾಲು ಉಕ್ಕುತ್ತಿದೆ ಅಂತ ಸುಳ್ಳು ಹೇಳಿ ಒಳಗೆ ಓಡಿದೆ. ಅಂಥ ದಿನ ನನ್ನ ಜನ್ಮದಲ್ಲಿ ಅದೇ ಮೊದಲು.

ಒಂಬತ್ತು ತಿಂಗಳು ತುಂಬಿದ ಮೇಲೆ ಚುಚ್ಚುಮದ್ದಿಗೆಂದು ಹೋದಾಗ ಡಾಕ್ಟರಮ್ಮ ಮಗುವನ್ನು ತಕ್ಕಡಿಯಲ್ಲಿಟ್ಟು ಎರಡು ಸಲ ತೂಕ ನೋಡಿದರು. ಕಣ್ಣಿನ ರೆಪ್ಪೆ ಎಳೆದು ನನಗೆ ತೋರಿಸಿದರು. "ನೋಡಿ, ಹೇಗೆ ಬಿಳಿಚಿಕೊಂಡಿದೆ. ರಕ್ತ ಕಡಿಮೆ ಇದೆ, ಎರಡು ತಿಂಗಳಿಂದ ತೂಕ ಏರಿಲ್ಲ. ಆರು ತಿಂಗಳಿಗೇ ಊಟ ಶುರು ಮಾಡಬೇಕಿತ್ತು. ಹಾಲೂ ಇರಲಿ, ಆದ್ರೆ ಬರೀ ಹಾಲಲ್ಲಿ ಎಷ್ಟು ದಿನ ಇಡ್ತೀರಿ? ರಾಗಿ ಸರಿ, ಬೇಳೆ ಅನ್ನ, ಸೊಪ್ಪು, ಎಲ್ಲ ಮೆತ್ತಗೆ ಬೇಯಿಸಿ ಹಿಸುಕಿ ಕೊಡಿ." ಆಮೇಲೆ ನನ್ನ ಮುಖ ನೋಡಿ, "ಕೆಂಪಾಜಮ್ಮ ಅಂದ್ರೆ ನೀವೇ ಅಲ್ವಾ? ನನ್ನ ಮಗ ಮೊದಲು ತಿಂದಿದ್ದು ನಿಮ್ಮ ಹಿಟ್ಟೇ" ಅಂದರು. ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ದಾರಿಯಲ್ಲಿ ಕಮಲಾಕ್ಷಿಯೇ ಮೆಲ್ಲಗೆ, "ಅತ್ತೆ, ಇನ್ನೊಂದ್ ವಾರ ಬಿಟ್ಟು ಮಾಡಾಣ್ವಾ?" ಅಂದಳು. ಡಾಕ್ಟರಮ್ಮ ಅಷ್ಟು ಹೇಳಿದ ಮೇಲೂ! ನನಗೆ ಆಶ್ಚರ್ಯವಾಯಿತು. ಆದರೂ ಆ ಒಂದು ವಾರಕ್ಕೆ ನಾನು ಕೈಮುಗಿದೆ.

ಮರುದಿನ ನಡುಮನೆಯಲ್ಲಿ ಹಿಟ್ಟು ಸೋಸುತ್ತಿದ್ದೆ. ಮಗು ಅಂಬೆಗಾಲಿಟ್ಟು ಬಂದು ಹಿಟ್ಟಿನಲ್ಲಿ ಬೆರಳು ಅದ್ದಿ ಬಾಯಿಗಿಟ್ಟುಕೊಂಡಿತು. ನುಂಗಿಬಿಟ್ಟರೆ? ಆ ಮಾತು ಎಲ್ಲಿ ಯಾರ ಮುಂದೆ ಹೊರಬೀಳುತ್ತದೋ, ನಾಳೆ ಬಸ್ ನಿಲ್ದಾಣದಲ್ಲೋ, ಆಸ್ಪತ್ರೆಯಲ್ಲೋ! ಹಾರಿ ಹೋಗಿ ಅದರ ಗಲ್ಲ ಹಿಡಿದು, ಬಾಯೊಳಗೆ ಬೆರಳು ಹಾಕಿ, ಸೆರಗಿನ ತುದಿಯಿಂದ ನಾಲಿಗೆ ಒರೆಸಿ ತೆಗೆದೆ. ಒಂದು ಕಣವೂ ಬಿಡಲಿಲ್ಲ. ಮಗು ಅಳಲಿಲ್ಲ. ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಗೆರೆಗಳಲ್ಲಿ ಉಳಿದ ಹಿಟ್ಟನ್ನು ನೆಕ್ಕಲು ಬಾಯಿ ತಂದಿತು.

ಕೈ ಹಿಂದಕ್ಕೆ ಎಳೆದುಕೊಂಡು ಕೂತುಬಿಟ್ಟೆ. ಏನು ಮಾಡಿದೆ ನಾನು? ಹಸಿದ ಕೂಸಿನ ಬಾಯಿಂದ ಅನ್ನ ಕಿತ್ತೆ. ನನ್ನ ಮಾನ ಉಳಿಯಲಿ ಅಂತ ಮಗುವಿನ ಮೈಯ ರಕ್ತ ಇಂಗಿಸಿದೆ. ಸಂಜೆ ಕಮಲಾಕ್ಷಿ ಹೊಸ್ತಿಲು ದಾಟುವ ಮೊದಲೇ, "ಶುಕ್ರವಾರ ತುತ್ತು ಕೊಡಾಣ, ನಿಮ್ಮವ್ವಂಗೆ ಹೇಳ್ಕಳ್ಸು" ಅಂದೆ.

ಅವಳ ಮುಖ ಇಳಿಯಿತು. "ಈ ಶುಕ್ರವಾರಾನಾ?"

"ಈ ಶುಕ್ರವಾರವೇ."

ಗುರುವಾರ ಎಲ್ಲ ಹೇಳಿಬಿಡಬೇಕು ಅಂತ ನಿರ್ಧರಿಸಿದ್ದೆ. ಅವಳು ಮಗುವಿನ ಬಟ್ಟೆ ಮಡಚುತ್ತಿದ್ದಳು. ಎದುರಿಗೆ ಹೋಗಿ ಕೂತೆ. "ಕಮಲಾಕ್ಷಿ, ನಿನ್ ಹತ್ರ ಒಂದ್ ಮಾತು."

"ಹೇಳಿ ಅತ್ತೆ."

"ಬೆಳ್ಳಿ ಬಟ್ಲು ತೊಳೆದಿಟ್ಟಿದ್ದೀಯಾ?"

"ತೊಳೆದಿಟ್ಟಿದ್ದೀನಿ."

ನನ್ನ ಧೈರ್ಯ ಅಷ್ಟೇ.

ಶುಕ್ರವಾರ ಹತ್ತು ಗಂಟೆಗೆಲ್ಲ ನಡುಮನೆ ತುಂಬಿತು. ಕಮಲಾಕ್ಷಿಯ ತಾಯಿ ಹೊನ್ನಮ್ಮ ಪಕ್ಕದ ಊರಿಂದ ಮೊದಲ ಬಸ್ಸಿಗೇ ಬಂದಿದ್ದರು. ಸಾಕಮ್ಮ ಕರೆಯುವ ಮೊದಲೇ ಬಂದು, ನಾನು ಎಲ್ಲ ಮನೆಗಳಲ್ಲಿ ಕೂರುತ್ತಿದ್ದ ಮುಂದಿನ ಚಾಪೆಯ ಮೇಲೆ ಕೂತಿದ್ದಳು. ಬೀದಿಯವರೆಲ್ಲ ನಗುನಗುತ್ತಾ, ಮಗು ಅವ್ವನ ಹಾಗೆ "ರೈಟ್ ರೈಟ್" ಅನ್ನುತ್ತದೆಯೋ, "ಚಿಲ್ರೆ ಕೊಡ್ರೀ" ಅನ್ನುತ್ತದೆಯೋ ಅಂತ ಮಾತಾಡಿಕೊಳ್ಳುತ್ತಿದ್ದರು. ನಾನು ಒಲೆಯ ಮುಂದೆ ನಿಂತು ಸರಿ ತಿರುವುತ್ತಿದ್ದೆ. ಮಗುವಿನ ಕಡೆಗೇ ನೋಡುತ್ತಾ ಕೈ ನಿಲ್ಲಿಸಿಬಿಟ್ಟೆ, ಜನ್ಮದಲ್ಲಿ ಮೊದಲ ಸಲ ಸರಿ ಗಂಟಾಯಿತು.

"ಮೊದಲ್ನೇ ತುತ್ತು ನೀವೇ ಕೊಡಿ ಅತ್ತೆ" ಅಂದಳು ಕಮಲಾಕ್ಷಿ. ಅವಳ ಹಣೆಯ ಮೇಲೂ ಬೆವರಿತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕಿವಿಯ ಹತ್ತಿರ ಏನೋ ಹೇಳಿದಳು. ನಾನು ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು, ಊದಿ ಆರಿಸಿ, ಬಾಯಿಗಿಟ್ಟೆ. ಮಗು ಚಪ್ಪರಿಸಿತು. ಇನ್ನೊಮ್ಮೆ ಚಪ್ಪರಿಸಿತು. ನುಂಗಿತು.

ಕಣ್ಣು ಮುಚ್ಚಿಕೊಂಡೆ. ಬಂದ ದನಿ ನನ್ನದಾಗಿರಲಿಲ್ಲ. ಕಮಲಾಕ್ಷಿಯದು. ಬಸ್ಸಿನ ದನಿಯಲ್ಲ, ಕೋಣೆಯೊಳಗಿನ ಆ ಗುಸುಗುಸು. "ಅಜ್ಜಿ ಅಂದಿದ್ದನ್ನ ನಾನು ಕೇಳಿಸ್ಕೊಂಡಾಯ್ತು, ನೀನ್ ಮಾತ್ರ ಅದನ್ನ ಯಾರ್ ಮುಂದೂ ಆಡ್ಬೇಡ ಕಣವ್ವ, ಅಜ್ಜಿ ಈ ಬೀದೀಲಿ ತಲೆ ಎತ್ಕೊಂಡು ಓಡಾಡ್ಬೇಕು."

ಕಣ್ಣು ತೆರೆದು ನೋಡಿದರೆ ಕಮಲಾಕ್ಷಿ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಳು. ನಾಲ್ಕು ತಿಂಗಳು, ದಿನಾ ಸಂಜೆ, ಕದ ಹಾಕಿಕೊಂಡು ಮಗುವಿಗೆ ಅವಳು ಹೇಳಿದ್ದು ಇದು. ಆಡಬೇಡ ಆಡಬೇಡ ಅಂತ ಬೇಡಿಕೊಂಡ ಮಾತನ್ನೇ ಮಗು ಎತ್ತಿಟ್ಟುಕೊಂಡಿತ್ತು. ಜಗುಲಿಯ ಮೇಲಿನ ಊಟದ ಡಬ್ಬಿ ನನಗೆ ಆಗ ನೆನಪಾಯಿತು.

"ಏನಂದಿದ್ದೆ ಕೆಂಪಾಜಕ್ಕ?" ಅಂದಳು ಸಾಕಮ್ಮ. ಇಷ್ಟು ವರ್ಷ ಕಾದವಳು.

"ಏನಿಲ್ಲ ಸಾಕಮ್ಮೋರೆ, ಮನೆ ಅಂದ್ಮೇಲೆ ಒಂದ್ ಮಾತು ಬರ್ತದೆ ಹೋಯ್ತದೆ, ಬಿಡಿ" ಅಂದಳು ಕಮಲಾಕ್ಷಿ, ಗಡಿಬಿಡಿಯಲ್ಲಿ.

ಇನ್ನೂ ನನ್ನ ಮಾನ ಮುಚ್ಚುತ್ತಿದ್ದಾಳೆ! ನಾನು ಅವಳ ಸಾವು ಬಯಸಿದ್ದನ್ನು ಕೇಳಿಸಿಕೊಂಡು, ಅದೇ ಕೈಯ ಅಡುಗೆ ಉಂಡು, ಅದೇ ಬಾಯನ್ನು ಅತ್ತೆ ಅಂತ ಕರೆದು ನಾಲ್ಕು ತಿಂಗಳು ಕಳೆದಿದ್ದಾಳೆ. ನನಗೆ ತಡೆಯಲಾಗಲಿಲ್ಲ. ಎಲ್ಲರ ಮನೆಯ ಮಾತನ್ನೂ ಬೀದಿಗೆ ಹಂಚಿದವಳು ನಾನು, ನನ್ನದನ್ನು ಮಾತ್ರ ಮಡಿಲಲ್ಲಿ ಕಟ್ಟಿಕೊಂಡು ಕೂರಲೇ? ಚಮಚ ಹಿಡಿದೇ ಎದ್ದು ನಿಂತೆ. "ನಾನೇ ಹೇಳ್ತೀನಿ, ಎಲ್ರೂ ಕೇಳ್ರವ್ವ" ಅಂದು, ಆ ಮಾತನ್ನು ಮೊದಲಿಂದ ಕೊನೆಯವರೆಗೆ ಅಕ್ಷರ ತಪ್ಪದೆ ಹೇಳಿದೆ. ಆಸ್ಪತ್ರೆಯಲ್ಲಿ ಅವಳು ಸತ್ತೇ ಹೋಗಿದ್ದರೆ ಪೀಡೆ ತೊಲಗುತ್ತಿತ್ತು ಅನ್ನುವುದನ್ನೂ, ಹಾಲಿರೋ ತಾಯಿಯನ್ನು ತರುತ್ತಿದ್ದೆ ಅನ್ನುವುದನ್ನೂ.

ನಂಜುಂಡ "ಅವ್ವಾ!" ಅಂದ. ಸಾಕಮ್ಮ ನಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕಮಲಾಕ್ಷಿಯ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅತ್ತೆ" ಅಂದಳು. "ನಾನ್ ಕೇಳಿಸ್ಕೊಂಡಿದ್ದು ಅದಲ್ಲ. ಡಬ್ಬಿ ಮರ್ತು ವಾಪಸ್ ಬಂದೆ. ಮೆಟ್ಲು ಹತ್ತೋವಾಗ, ನಿಂಗೆ ಹಾಲಿರೋ ತಾಯೀನ ತರ್ತಿದ್ದೆ ಅಂದ್ರಿ. ಅಷ್ಟೇ ನನ್ ಕಿವಿಗೆ ಬಿದ್ದಿದ್ದು. ಕೈಲಾಗಿದ್ರೆ ತರ್ತಿದ್ದೆ ಅಂತೀರೇನೋ ಅಂದ್ಕೊಂಡೆ. ಮಗೂನ ಹಸಿವು ನೋಡಿ ಸಂಕಟಪಟ್ಟು ಅಂದಿದ್ದಾರೆ, ನನ್ ಹತ್ರ ಹಾಲಿಲ್ಲ ಅನ್ನೋದು ನಿಜಾನೇ ಅಲ್ವಾ ಅಂತ ಸುಮ್ನಾದೆ.... ಮೊದಲ್ನೇ ಅರ್ಧ ಇವತ್ತೇ ಕೇಳಿದ್ದು."

ಚಮಚ ಹಿಡಿದುಕೊಂಡೇ ಕೂತೆ. ಮಗು ಹೇಳದೆ ಬಿಟ್ಟದ್ದನ್ನು, ಅವಳು ಕೇಳದೆ ಉಳಿದದ್ದನ್ನು, ನಾನೇ ಎದ್ದು ನಿಂತು ನನ್ನ ಬಾಯಿಂದ ಊರ ಮುಂದೆ ಹೇಳಿದ್ದೆ.

ಹೊನ್ನಮ್ಮ ಎದ್ದು ಚೀಲ ಕೈಗೆತ್ತಿಕೊಂಡರು. "ಏಳವ್ವ, ಮಗೂನ ಎತ್ಕೊ" ಅಂದರು ಮಗಳಿಗೆ. ಮಗು ಅವ್ವನ ತೊಡೆಯಿಂದ ಜಾರಿ ಬಂದು, ನನ್ನ ಮಂಡಿಯ ಮೇಲೆ ಪಟಪಟ ಬಡಿದು, ಚಮಚದ ಕಡೆ ಬಾಯಿ ತೆರೆಯಿತು. ನಾನು ಕಮಲಾಕ್ಷಿಯ ಮುಖ ನೋಡಿದೆ.

"ಕೊಡಿ" ಅಂದಳು ಅವಳು. "ಹಸ್ಕೊಂಡೈತೆ."

ಗಂಟುಗಳನ್ನು ಬೆರಳಲ್ಲಿ ಒಡೆದು ಒಡೆದು ತಿನ್ನಿಸಿದೆ. ಒಬ್ಬರೂ ಎದ್ದು ಹೋಗಲಿಲ್ಲ. ಹೊನ್ನಮ್ಮ ಬಾಗಿಲಲ್ಲಿ ಚೀಲ ಹಿಡಿದು ನಿಂತೇ ಇದ್ದರು. ಒಂದೊಂದು ಚಮಚವೂ ಮಗುವಿನ ಬಾಯಿ ಸೇರುವುದನ್ನು ಕಮಲಾಕ್ಷಿ ನೋಡುತ್ತಿದ್ದಳು. ಬಟ್ಟಲಿನ ತಳ ಕಂಡ ಮೇಲೆ ಮಗುವಿನ ಬಾಯಿ ಒರೆಸಿ ಎತ್ತಿಕೊಂಡಳು. ಬಟ್ಟೆ ತುಂಬಿಕೊಂಡು ಕೋಣೆಯಿಂದ ಹೊರಗೆ ಬಂದು, "ಹಿಟ್ಟು ಕಟ್ಕೊಡಿ ಅತ್ತೆ" ಅಂದಳು.

ಹಾಲಿನ ಪುಡಿಯ ಖಾಲಿ ಡಬ್ಬವೊಂದನ್ನು ಒರೆಸಿ, ಹಿಟ್ಟನ್ನು ಇನ್ನೊಮ್ಮೆ ಸೋಸಿ, ತಟ್ಟಿ ತಟ್ಟಿ ಬಾಯಿವರೆಗೂ ತುಂಬಿದೆ. ಕೊಡುವಾಗ ಕೇಳಿಯೇಬಿಟ್ಟೆ, "ಯಾವಾಗ ಬತ್ತೀಯವ್ವ?" ಅಂತ. ಅವಳು ಡಬ್ಬವನ್ನು ಮಗುವಿನ ಬಟ್ಟೆಯ ಮಧ್ಯೆ ಇಟ್ಟುಕೊಂಡಳು. "ಖಾಲಿ ಆದಾಗ ಹೇಳ್ಕಳಿಸ್ತೀನಿ" ಅಂದಳು.

ನಂಜುಂಡ ಅವರನ್ನು ಬಸ್ಸಿಗೆ ಹತ್ತಿಸಿ ಬಂದ. ಅವತ್ತಿನಿಂದ ಅವನ ಆ ಮೂರು ಮಾತೂ ಇಲ್ಲ. ಸಾಕಮ್ಮ ಒಂದು ದಿನ ಬಿಟ್ಟು ಒಂದು ದಿನ ಕಾಂಪೌಂಡಿನ ಮೇಲೆ ಒಂದು ಲೋಟ ಮೊಸರು ಇಟ್ಟು ಹೋಗುತ್ತಾಳೆ, ಏನೂ ಕೇಳುವುದಿಲ್ಲ. ಗಟ್ಟಿ ಮೊಸರು. ನಾನು ಹೊಸದಾಗಿ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಎರಡು ಸಲ ಸೋಸಿ ಇಟ್ಟಿದ್ದೇನೆ. ಆ ಡಬ್ಬ ಒಂದು ಮಗುವಿಗೆ ಹತ್ತು ದಿನಕ್ಕೆ ಬರುತ್ತದೆ. ಇವತ್ತಿಗೆ ಎಂಟು.